ಎಡಗಿಟಕಿಯೋ ಬಲಗಿಟಕಿಯೋ

ಪುಟ್ಟಿ, ಶಿವಮೊಗ್ಗದ ಸೋಗಾನೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗ್ತೀಯಂತೆ, ನಿನ್ನಪ್ಪ ಹೇಳಿದ. ಮೊದಲು ಸೋಗಾನೆ ಅಂದರೆ ಜನಕ್ಕೆ ಜೈಲು ನೆನಪಾಗುತ್ತಿತ್ತು. 2023ರ ಆಗಸ್ಟ್ 31ರಿಂದ ಅಲ್ಲಿ ವಿಮಾನ ಓಡಾಡುತ್ತಿದೆ, ಅದೂ ಕುವೆಂಪು ಹೆಸರಿನ ನಿಲ್ದಾಣದಲ್ಲಿ. ಸೀಟು ಆರಿಸುವ ಮೊದಲು ದೊಡ್ಡಪ್ಪನ ಮಾತು ಸ್ವಲ್ಪ ಕೇಳು.

ಬರೀ ಕಿಟಕಿ ಸಿಕ್ಕರೆ ಸಾಲದು ಮಾರಾಯ್ತಿ. ನಾನು ಮೊದಲ ಸಲ ಆಸೆಪಟ್ಟು ಮುಂದಿನ ಸಾಲಲ್ಲಿ ಕೂತೆ. ಎಟಿಆರ್ ವಿಮಾನ ಅದು, ರೆಕ್ಕೆ ತಲೆಯ ಮೇಲಿರುತ್ತದೆ, ಹಾಗಾಗಿ ನೆಲ ಕಾಣಲು ಅಡ್ಡಿಯಿಲ್ಲ ಅಂತ ಯಾರೋ ಅಂದಿದ್ದರು. ಮಾತೇನೋ ನಿಜ. ಆದರೆ ಆ ರೆಕ್ಕೆಗೆ ಕಟ್ಟಿದ ಎಂಜಿನ್ನು, ಅದರ ಫ್ಯಾನು ನನ್ನ ಕಿವಿಯ ಪಕ್ಕದಲ್ಲೇ! ಮೊಬೈಲಲ್ಲಿ ತೆಗೆದ ಫೋಟೋ ಒಂದೊಂದರಲ್ಲೂ ಫ್ಯಾನಿನ ಎಲೆಗಳು ಕುಡುಗೋಲಿನ ಹಾಗೆ ಡೊಂಕು. ನೀನು ಹಿಂದಿನ ಸಾಲು ಹಿಡಿ. ಸದ್ದೂ ಕಡಿಮೆ, ಬಾಗಿಲೂ ಹಿಂದೆಯೇ, ಬೇಗ ಇಳಿಯಬಹುದು.

ಇನ್ನು ಯಾವ ಕಡೆ ಅನ್ನೋದು. ಹೋಗುವಾಗ ಬಲಗಡೆ, ಅಂದರೆ ಎಫ್ ಸೀಟು. ಭದ್ರಾ ಹಿನ್ನೀರು, ಅದರಾಚೆ ಚಂದ್ರದ್ರೋಣ ಬೆಟ್ಟದ ಸಾಲು ಆ ಕಡೆಗೇ ಬರೋದು. ಬರುವಾಗ ಅದೇ ಬೆಟ್ಟ ಎಡಕ್ಕೆ ಹೋಗುತ್ತದೆ, ಆಗ ಎ ಸೀಟು. ಇದನ್ನು ಮರೆತು ಎರಡು ಸಲವೂ ಬಲಗಡೆಯೇ ಕೂತವರಿದ್ದಾರೆ. ಅವರಿಗೆ ಬರುವಾಗ ಸಿಕ್ಕಿದ್ದು ಚಿತ್ರದುರ್ಗದ ಕಡೆಯ ಬಯಲು. ಅದೂ ಚೆನ್ನಾಗಿಯೇ ಇದೆ, ಅದೃಷ್ಟವಿದ್ದರೆ ದೂರದಲ್ಲಿ ಮಾರಿಕಣಿವೆ ಡ್ಯಾಮಿನ ನೀರು ಹೊಳೆಯುತ್ತದೆ. ಆದರೆ ಮಲೆನಾಡಿನವಳು ನೀನು, ಬೆಟ್ಟ ಬಿಡಬೇಡ.

ಒಂದು ತೊಂದರೆ ಇದೆ. ಬೆಟ್ಟ ಇರೋದು ದಕ್ಷಿಣಕ್ಕೆ, ಚಳಿಗಾಲದಲ್ಲಿ ಸೂರ್ಯನೂ ದಕ್ಷಿಣಕ್ಕೇ ವಾಲಿರುತ್ತಾನೆ. ಬಿಸಿಲು ಬಿದ್ದರೆ ಗಾಜಿನ ಗೀರುಗಳೇ ಕಾಣುತ್ತವೆ. ಬಿಳಿ ಚೂಡಿದಾರ್ ಹಾಕಿಕೊಂಡು ಹೋಗಬೇಡ, ಗಾಜಿನಲ್ಲಿ ನಿನ್ನ ಬಟ್ಟೆಯನ್ನೇ ನೋಡುತ್ತಾ ಕೂರಬೇಕಾಗುತ್ತದೆ. ಕಪ್ಪೋ ಗಾಢ ನೀಲಿಯೋ ಇರಲಿ. ಮಳೆಗಾಲದಲ್ಲಂತೂ ಯಾವ ಕಿಟಕಿಯಾದರೂ ಒಂದೇ, ಹೊರಗೆಲ್ಲ ಹತ್ತಿ. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಗೆ ಹೋಗು: ಭದ್ರಾ ಡ್ಯಾಮ್ ತುಂಬಿರುತ್ತದೆ, ಗಾಳಿ ತೊಳೆದಿಟ್ಟ ಹಾಗಿರುತ್ತದೆ, ಅಡಿಕೆ ತೋಟಗಳ ನಡುವೆ ಗದ್ದೆ ತುಂಡುತುಂಡಾಗಿ ಕಾಣುತ್ತದೆ.

ನಮ್ಮ ಭದ್ರಾವತಿಯ ಕಾಗದನಗರ ಎಲ್ಲಿ ಕಾಣುತ್ತದೆ ಅಂತ ಕೇಳಿದೆಯಲ್ಲ, ಅದನ್ನು ನಾನು ಹೇಳಲಾರೆ. ವಿಮಾನ ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿ ನುಗ್ಗುತ್ತದೆ, ಗಾಳಿ ತಿರುಗಿದರೆ ಊರು ಇರುವ ಕಡೆಯೂ ತಿರುಗುತ್ತದೆ. 1936ರಲ್ಲಿ ಸ್ಥಾಪನೆಯಾದ ಅಲ್ಲಿನ ಕಾಗದದ ಮಿಲ್ಲು, ಈಗ ಚಿಮಣಿಯಲ್ಲಿ ಹೊಗೆಯಿಲ್ಲ, ಮೇಲಿನಿಂದ ಗುರುತು ಹಿಡಿಯುವುದೂ ಕಷ್ಟ. ಹೋದ ಸಲ ನಾನು ಎಡಗಡೆ ಕೂತಿದ್ದೆ, ಊರು ಬಲಗಡೆ ಬಂತು. ಆಚೆ ಸೀಟಿನ ಹುಡುಗ ತಾನೇ ಹಿಂದಕ್ಕೆ ಒರಗಿ, "ನೋಡಿ ಅಂಕಲ್" ಅಂದ.