ಇಂಗ್ಲೆಂಡಿನ ಪಬ್ಬುಗಳು ಮುಚ್ಚುತ್ತಿರುವುದೇಕೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

'ಪಬ್' ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. 1980ರ ದಶಕದಿಂದೀಚೆಗೆ ಬೆಂಗಳೂರಿನಲ್ಲಿ ಪಬ್ಬುಗಳು ಹೆಚ್ಚಿ, ಆ ನಗರಕ್ಕೆ 'ಪಬ್ ಸಿಟಿ' ಎಂಬ ಅಡ್ಡಹೆಸರೂ ಬಂದಿತು. ಆ ಹೆಸರನ್ನು ಕೇಳಿದೊಡನೆ ಮಬ್ಬುಬೆಳಕು, ಕಿವಿಗಡಚಿಕ್ಕುವ ಸಂಗೀತ, ಹಣವಂತರ ಮಕ್ಕಳ ಮೋಜು ಇವೇ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಈ ಹೆಸರು ಹುಟ್ಟಿದ ಇಂಗ್ಲೆಂಡಿನಲ್ಲಿ ಅದರ ಅರ್ಥವೇ ಬೇರೆ. 'ಪಬ್ಲಿಕ್ ಹೌಸ್' ಎಂಬುದರ ಮೊಟಕು ರೂಪ 'ಪಬ್'. ಎಂದರೆ ಸಾರ್ವಜನಿಕರ ಮನೆ. ಊರಿನ ಯಾರು ಬೇಕಾದರೂ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಒಂದು ಲೋಟ ಬಿಯರಿನ ಬೆಲೆಗೆ ಸಂಜೆಯಿಡೀ ಕುಳಿತು ಮಾತನಾಡಬಹುದಾದ ಮನೆ. ಅಂಥ ಮನೆಗಳು ಇಂದು ಸಾವಿರಗಟ್ಟಲೆಯಾಗಿ ಮುಚ್ಚಿಹೋಗುತ್ತಿವೆ.

ಈ ಲೇಖನ ಕುಡಿತವನ್ನು ಹೊಗಳಲು ಬರೆದುದಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ವಾರದ ಕೂಲಿ ಅಂಗಡಿಯಲ್ಲೇ ಕರಗಿ, ಬರಿಗೈಯಲ್ಲಿ ಮನೆಗೆ ಬರುವವರನ್ನು ಕಂಡ ಊರಿನಿಂದ ಬಂದವನು ನಾನು. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದುದರ ಹಿಂದೆ ಎಷ್ಟು ಹೆಂಗಸರ ಕಣ್ಣೀರಿತ್ತೆಂಬುದು ಎಲ್ಲರಿಗೂ ತಿಳಿದುದೇ. ಹೀಗಿರುವಾಗ "ಹೆಂಡದಂಗಡಿ ಮುಚ್ಚಿದರೆ ಒಳ್ಳೆಯದೇ ಆಯಿತಲ್ಲ!" ಎಂದು ಯಾರಾದರೂ ಕೇಳಬಹುದು. ಇಂಗ್ಲೆಂಡಿನಲ್ಲಿ ನಿಜವಾಗಿ ಮುಚ್ಚಿದುದು ಏನು, ಅದರ ಸ್ಥಳದಲ್ಲಿ ಬಂದುದು ಏನು ಎಂಬುದನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ, ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲವೆಂದು ತೋರುತ್ತದೆ.

ಪೂರ್ವೇತಿಹಾಸ

ಪಬ್ಬಿನ ಇತಿಹಾಸ ಬಹು ಹಳೆಯದು. 1393ರಲ್ಲಿ ಎರಡನೆಯ ರಿಚರ್ಡ್ ದೊರೆ ಏಲ್ ಮಾರುವವರು ಮನೆಯ ಮುಂದೆ ಗುರುತಿನ ಹಲಗೆ ತೂಗುಹಾಕಬೇಕೆಂದು ವಿಧಿಸಿದನು. ಓದುಬರಹ ತಿಳಿಯದ ಜನ ಚಿತ್ರ ನೋಡಿಯೇ ಮನೆಯನ್ನು ಗುರುತಿಸುತ್ತಿದ್ದರು. ಇಂದಿಗೂ ಕಾಣುವ 'ರೆಡ್ ಲಯನ್', 'ರಾಯಲ್ ಓಕ್' ಮುಂತಾದ ಹೆಸರುಗಳಿಗೆ ಇಂಥ ಹಲಗೆಗಳೇ ಮೂಲ. 1651ರಲ್ಲಿ ಯುದ್ಧದಲ್ಲಿ ಸೋತ ಎರಡನೆಯ ಚಾರ್ಲ್ಸ್ ಓಕ್ ಮರವೊಂದರಲ್ಲಿ ಅಡಗಿ ತಲೆ ಉಳಿಸಿಕೊಂಡ ನೆನಪು 'ರಾಯಲ್ ಓಕ್' ಎಂಬ ಹೆಸರಿನಲ್ಲಿದೆ. ಹೀಗೆ ಪಬ್ಬಿನ ಹಲಗೆಯೆಂದರೆ ಬೀದಿಯಲ್ಲಿ ತೂಗುಹಾಕಿದ ಇತಿಹಾಸದ ಹಾಳೆ.

1830ರಲ್ಲಿ ಬಂದ ಶಾಸನವೊಂದು ಈ ವ್ಯಾಪಾರದ ಬಾಗಿಲನ್ನು ಅಗಲವಾಗಿ ತೆರೆಯಿತು. ತೆರಿಗೆ ಕೊಡುವ ಯಾವ ಗೃಹಸ್ಥನಾದರೂ ಎರಡು ಗಿನಿ ಶುಲ್ಕ ಸಲ್ಲಿಸಿ ತನ್ನ ಮನೆಯಲ್ಲೇ ಬಿಯರ್ ಮಾರಬಹುದೆಂದಾಯಿತು. ಜಿನ್ ಎಂಬ ತೀಕ್ಷ್ಣ ಮದ್ಯದಿಂದ ಬಡವರನ್ನು ಬಿಡಿಸಿ ಬಿಯರಿನ ಕಡೆಗೆ ತಿರುಗಿಸುವುದು ಅದರ ಒಂದು ಉದ್ದೇಶ. ಸಾವಿರಾರು ಮನೆಗಳು ಹುಟ್ಟಿಕೊಂಡುವು. 1869ರಲ್ಲಿ ಪರವಾನಗಿಯ ಹತೋಟಿ ಮತ್ತೆ ಬಿಗಿಯಾಯಿತು. ಹೊಸ ಪರವಾನಗಿ ದುರ್ಲಭವಾದಾಗ, ಬಿಯರ್ ತಯಾರಿಸುವ ದೊಡ್ಡ ಕಂಪನಿಗಳು ಇದ್ದ ಮನೆಗಳನ್ನೇ ಕೊಂಡುಕೊಳ್ಳತೊಡಗಿದುವು. ಮುಂದಿನ ಕಥೆಯ ಬೀಜ ಇಲ್ಲಿದೆ.

ಪಬ್ಬುಗಳನ್ನು ಮುಚ್ಚುವುದೂ ಹೊಸದೇನಲ್ಲ. ಪಾನನಿರೋಧ ಚಳವಳಿ ಬಲವಾಗಿದ್ದ ಕಾಲದಲ್ಲಿ, ಹೆಚ್ಚಾಗಿದ್ದ ಪಬ್ಬುಗಳನ್ನು ಪರಿಹಾರ ಕೊಟ್ಟು ಮುಚ್ಚಲು 1904ರಲ್ಲಿ ಶಾಸನವಾಯಿತು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸ ಕುಡಿತದಿಂದ ಕೆಡಬಾರದೆಂದು ಕಾರ್ಲೈಲ್ ಪ್ರದೇಶದ ಪಬ್ಬುಗಳನ್ನು ಸರಕಾರವೇ 1916ರಲ್ಲಿ ವಹಿಸಿಕೊಂಡು, 1973ರವರೆಗೂ ನಡೆಸಿತು! ಆಗ ಪಬ್ಬುಗಳನ್ನು ಮುಚ್ಚಿಸಿದುದು, ನಿಯಂತ್ರಿಸಿದುದು ಸಮಾಜದ ಹಿತವೆಂಬ ಒಂದು ವಿಚಾರ. ಅದು ಸರಿಯೋ ತಪ್ಪೋ, ಬಹಿರಂಗವಾಗಿ ಚರ್ಚೆಯಾದ ವಿಚಾರ. ಇಂದು ಮುಚ್ಚಿಸುತ್ತಿರುವುದು ಬೇರೊಂದು ಶಕ್ತಿ.

ಆ ಮನೆಯ ಒಳಗೆ

1930ರ ದಶಕದ ಕೊನೆಯಲ್ಲಿ 'ಮಾಸ್ ಅಬ್ಸರ್ವೇಶನ್' ಎಂಬ ಸಂಸ್ಥೆಯವರು ಬೋಲ್ಟನ್ ಎಂಬ ಗಿರಣಿ ಊರಿನ ಪಬ್ಬುಗಳಲ್ಲಿ ಕುಳಿತು, ಜನ ಏನು ಮಾಡುತ್ತಾರೆ, ಏನು ಮಾತನಾಡುತ್ತಾರೆ ಎಂದು ಬರೆದಿಟ್ಟುಕೊಂಡರು. ಅದು 1943ರಲ್ಲಿ ಪುಸ್ತಕವಾಯಿತು. ಸ್ವಂತ ಮನೆ ಮತ್ತು ದುಡಿಯುವ ಸ್ಥಳವನ್ನು ಬಿಟ್ಟರೆ ಜನ ಅತ್ಯಂತ ಹೆಚ್ಚು ಹೊತ್ತು ಕಳೆಯುವ ಕಟ್ಟಡ ಪಬ್ಬೇ ಎಂಬುದು ಅವರು ಕಂಡುಕೊಂಡ ಸಂಗತಿ. 1946ರಲ್ಲಿ ಜಾರ್ಜ್ ಆರ್ವೆಲ್ ತನ್ನ ಮನಸ್ಸಿಗೊಪ್ಪುವ ಪಬ್ಬೊಂದನ್ನು ಪ್ರಬಂಧದಲ್ಲಿ ವರ್ಣಿಸಿ, ಕೊನೆಗೆ ಅಂಥದೊಂದು ಪಬ್ಬು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡನು. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಈ ಲೇಖಕ ಆ ಪ್ರಬಂಧದಲ್ಲಿ ಬಿಯರಿಗಿಂತ ಹೆಚ್ಚಾಗಿ ಮೆಚ್ಚಿದುದು ಮಾತಿಗೆ ಅವಕಾಶವಿರುವ ಶಾಂತ ವಾತಾವರಣವನ್ನು.

ಆದರೆ 'ಸಾರ್ವಜನಿಕ' ಎಂಬ ಮಾತು ಯಾವಾಗಲೂ ನಿಜವಾಗಿರಲಿಲ್ಲ. ಒಂಟಿಯಾಗಿ ಬಂದ ಹೆಂಗಸನ್ನು ಅನೇಕ ಪಬ್ಬುಗಳು ಗೌರವದಿಂದ ಕಾಣುತ್ತಿರಲಿಲ್ಲ. ಬಿಳಿಯರಲ್ಲದವರಿಗೆ ಕೆಲವೆಡೆ ಬಾಗಿಲೇ ತೆರೆಯುತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್ ಎಂಬ ಊರಿಗೆ ಎರಕದ ಕಾರ್ಖಾನೆಗಳಲ್ಲಿ ದುಡಿಯಲು ಹೋದ ಪಂಜಾಬಿಗಳ ಅನುಭವ ಇದಕ್ಕೆ ಸಾಕ್ಷಿ. ಬಿಳಿಯನ ಪಕ್ಕದಲ್ಲಿ ನಿಂತು ಬೆವರು ಸುರಿಸಬಹುದು, ಆದರೆ ಸಂಜೆ ಅವನ ಪಕ್ಕದಲ್ಲಿ ಕುಳಿತು ಒಂದು ಲೋಟ ಕುಡಿಯುವಂತಿಲ್ಲ! ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನವರು ಈ ವರ್ಣಭೇದದ ವಿರುದ್ಧ ಹೋರಾಡಿದರು. ಅದರ ಮುಂದಾಳು ಅವತಾರ್ ಸಿಂಗ್ ಜೌಹಲ್ ಅವರೊಡನೆ 1965ರ ಫೆಬ್ರವರಿಯಲ್ಲಿ ಅಮೆರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್ ಆ ಊರಿನ 'ಬ್ಲೂ ಗೇಟ್ಸ್' ಪಬ್ಬಿಗೆ ಹೋಗಿ ಈ ಭೇದವನ್ನು ಕಣ್ಣಾರೆ ಕಂಡನು. ಅದೇ ವರ್ಷದ ಕೊನೆಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದ ಮಾಡುವುದನ್ನು ಪಾರ್ಲಿಮೆಂಟು ಕಾನೂನುಬಾಹಿರವೆಂದು ಸಾರಿತು. ಕೆರೆಬಾವಿಗಳ ನೀರಿಗಾಗಿ, ಹೋಟೆಲಿನ ಲೋಟಕ್ಕಾಗಿ ಹೋರಾಟ ನಡೆದ ನಾಡಿನವರಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಕೂಡುವ ಸ್ಥಳವೊಂದು ಇದ್ದಾಗಲೇ ಅದರೊಳಕ್ಕೆ ಸೇರುವ ಹಕ್ಕಿಗಾಗಿ ಹೋರಾಡಲು ಸಾಧ್ಯ.

ಮುಚ್ಚಲು ಕಾರಣಗಳು

ಬ್ರಿಟನ್ನಿನ ರಾಷ್ಟ್ರೀಯ ಅಂಕಿ-ಅಂಶಗಳ ಕಚೇರಿ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2008ರಲ್ಲಿ ಸುಮಾರು 50,000 ಇದ್ದ ಪಬ್ಬುಗಳು ಹತ್ತು ವರ್ಷಗಳಲ್ಲಿ ಸುಮಾರು 39,000ಕ್ಕೆ ಇಳಿದುವು. ಎಂದರೆ ನೂರಕ್ಕೆ 23ರಷ್ಟು ಮಾಯವಾದುವು. ಆದರೆ ಅದೇ ಅವಧಿಯಲ್ಲಿ ಪಬ್ಬುಗಳಲ್ಲಿ ಕೆಲಸ ಮಾಡುವವರ ಒಟ್ಟು ಸಂಖ್ಯೆ ಇಳಿಯಲಿಲ್ಲ, ಸ್ವಲ್ಪ ಏರಿತು. ಊಟ ಬಡಿಸುವ ದೊಡ್ಡ ಪಬ್ಬುಗಳು ಬೆಳೆದು, ಬೀದಿಯ ಮೂಲೆಯ ಚಿಕ್ಕ ಪಬ್ಬುಗಳು ಅಳಿದುವೆಂಬುದೇ ಇದರ ತಾತ್ಪರ್ಯ.

ಸಾಮಾನ್ಯವಾಗಿ ಹೇಳುವ ಕಾರಣಗಳು ಹಲವು. ಇಂಗ್ಲೆಂಡಿನಲ್ಲಿ 2007ರ ಜುಲೈ 1ರಿಂದ ಪಬ್ಬಿನೊಳಗೆ ಧೂಮಪಾನ ನಿಂತಿತು. 2008ರಿಂದ 2013ರವರೆಗೆ ಬಿಯರಿನ ಸುಂಕ ಪ್ರತಿ ವರ್ಷವೂ ಬೆಲೆಯೇರಿಕೆಯನ್ನು ಮೀರಿ ಏರುವಂತೆ ಗೊತ್ತುಮಾಡಲಾಯಿತು. 2004ರ ಸುಮಾರಿಗೆ ತುತ್ತತುದಿ ಮುಟ್ಟಿದ ತಲಾ ಮದ್ಯಬಳಕೆ ಅನಂತರ ಇಳಿಯಿತು. 2020ರಲ್ಲಿ ಕೊರೋನಾ ಪಿಡುಗು ಎಲ್ಲ ಬಾಗಿಲುಗಳನ್ನೂ ಮುಚ್ಚಿಸಿತು. ಇವೆಲ್ಲ ನಿಜವೇ. ಸೂಪರ್ ಮಾರ್ಕೆಟಿನ ಅಗ್ಗದ ಬಿಯರಿನ ಪಾತ್ರವೂ ದೊಡ್ಡದು. 2010ರ ದಶಕದ ಮಧ್ಯಭಾಗದ ಹೊತ್ತಿಗೆ ಪಬ್ಬುಗಳಲ್ಲಿ ಮಾರಾಟವಾಗುವುದಕ್ಕಿಂತ ಹೆಚ್ಚು ಬಿಯರ್ ಅಂಗಡಿಗಳಲ್ಲಿ ಮಾರಾಟವಾಗತೊಡಗಿತು. ಇದನ್ನು ಗಮನಿಸಬೇಕು: ಕುಡಿತ ಸ್ವಲ್ಪ ಇಳಿಯಿತು, ಆದರೆ ಉಳಿದ ಕುಡಿತದ ಬಹುಪಾಲು ನಾಲ್ಕು ಜನರ ಕಣ್ಣಳತೆಯಿಂದ ಮನೆಯ ನಾಲ್ಕು ಗೋಡೆಗಳ ನಡುವೆ ಹೋಯಿತು.

ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಮನೆಯ ಒಡೆತನಕ್ಕೆ ಸಂಬಂಧಿಸಿದ್ದು. ಬಹುಕಾಲದಿಂದ ಇಂಗ್ಲೆಂಡಿನ ಹೆಚ್ಚಿನ ಪಬ್ಬುಗಳು ಬಿಯರ್ ಕಂಪನಿಗಳ ಸ್ವತ್ತಾಗಿದ್ದುವು. ನಡೆಸುವವನು ಬಾಡಿಗೆದಾರ, ಅವನು ಆ ಕಂಪನಿಯ ಬಿಯರನ್ನೇ ಕೊಳ್ಳಬೇಕೆಂಬ ಕಟ್ಟು. ಇಂಥದನ್ನು 'ಟೈಡ್ ಹೌಸ್' ಎನ್ನುತ್ತಾರೆ. ಈ ಏಕಸ್ವಾಮ್ಯವನ್ನು ಮುರಿಯಲು 1989ರಲ್ಲಿ ಸರಕಾರ ಆಜ್ಞೆ ಹೊರಡಿಸಿತು. 2000ಕ್ಕಿಂತ ಹೆಚ್ಚು ಪಬ್ಬುಗಳುಳ್ಳ ಕಂಪನಿ ಆ ಹೆಚ್ಚಿನವುಗಳಲ್ಲಿ ಅರ್ಧದಷ್ಟನ್ನು ಮಾರಬೇಕು ಅಥವಾ ಕಟ್ಟಿನಿಂದ ಬಿಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಮಾರಿದ ಮನೆಗಳನ್ನು ಕೊಂಡವರು ಊರಿನವರಲ್ಲ. ಬಿಯರನ್ನೇ ತಯಾರಿಸದ, ಸಾವಿರಾರು ಪಬ್ಬುಗಳನ್ನು ಸಾಲದ ಹಣದಿಂದ ಕೊಂಡ ಹೊಸ ಕಂಪನಿಗಳು. ಬಾಡಿಗೆಯೂ ಉಳಿಯಿತು, ಕಟ್ಟೂ ಉಳಿಯಿತು. 2008ರ ಆರ್ಥಿಕ ಕುಸಿತ ಬಂದಾಗ ಈ ಕಂಪನಿಗಳು ಸಾಲ ತೀರಿಸಲು ಮನೆಗಳನ್ನು ಮಾರತೊಡಗಿದುವು.

ಒಂದೇ ಕಟ್ಟಡಕ್ಕೆ ಎರಡು ಬೆಲೆಗಳುಂಟು. ಪಬ್ಬಾಗಿ ನಡೆದರೆ ವರ್ಷವರ್ಷವೂ ಬರುವ ಆದಾಯದ ಬೆಲೆ ಒಂದು. ಕೆಡವಿ ವಸತಿ ಕಟ್ಟಿದರೆ ಆ ನಿವೇಶನಕ್ಕೆ ಬರುವ ಬೆಲೆ ಇನ್ನೊಂದು. ಲಂಡನ್ನಿನಂಥ ನಗರದಲ್ಲಿ ಎರಡನೆಯದು ಮೊದಲನೆಯದನ್ನು ಬಹಳ ಮೀರುತ್ತದೆ. ಆದುದರಿಂದ ನಷ್ಟದಲ್ಲಿದ್ದ ಪಬ್ಬುಗಳಷ್ಟೇ ಅಲ್ಲ, ಲಾಭದಲ್ಲಿದ್ದ ಪಬ್ಬುಗಳೂ ಮುಚ್ಚಿದುವು. ಗಿರಾಕಿ ಸೋಲಿಸಿದ್ದಕ್ಕಿಂತ ನೆಲದ ಬೆಲೆ ಸೋಲಿಸಿದ್ದೇ ಹೆಚ್ಚು.

ರೂಪಾಂತರ

ಮುಚ್ಚಿದ ಪಬ್ಬುಗಳು ವಾಸದ ಮನೆಗಳಾಗಿವೆ, ಚಿಕ್ಕ ಸೂಪರ್ ಮಾರ್ಕೆಟುಗಳಾಗಿವೆ, ಊಟದ ಹೋಟೆಲುಗಳಾಗಿವೆ, ಕೆಲವೆಡೆ ಮಸೀದಿಗಳೂ ಆಗಿವೆ. ಇಂಗ್ಲೆಂಡಿನಲ್ಲಿ 2017ರ ಮೇ ತಿಂಗಳವರೆಗೂ ಪಬ್ಬನ್ನು ಅಂಗಡಿಯಾಗಿ ಮಾರ್ಪಡಿಸಲು ಸಾಮಾನ್ಯವಾಗಿ ಸ್ಥಳೀಯ ಕೌನ್ಸಿಲಿನ ಅನುಮತಿಯೇ ಬೇಕಿರಲಿಲ್ಲ. ಊರವರು ಬೆಳಗ್ಗೆ ಎದ್ದು ನೋಡಿದಾಗ ಹಲಗೆ ಬದಲಾಗಿರುತ್ತಿತ್ತು.

ಲಂಡನ್ನಿನ ಕಿಲ್ಬರ್ನ್ ಬಳಿಯ 'ಕಾರ್ಲ್‌ಟನ್ ಟ್ಯಾವರ್ನ್' ಕಥೆ ಪ್ರಸಿದ್ಧವಾದುದು. 1920-21ರಲ್ಲಿ ಕಟ್ಟಿದ ಈ ಪಬ್ಬನ್ನು ಸಂರಕ್ಷಿತ ಕಟ್ಟಡವೆಂದು ಸಾರುವ ಸಿದ್ಧತೆ ನಡೆದಿದ್ದಾಗಲೇ, 2015ರ ಏಪ್ರಿಲಿನಲ್ಲಿ ಮಾಲೀಕರು ಅನುಮತಿಯಿಲ್ಲದೆ ಅದನ್ನು ಕೆಡವಿಸಿದರು. ಊರವರು ಸುಮ್ಮನೆ ಕೂರಲಿಲ್ಲ. ಇಟ್ಟಿಗೆಗೆ ಇಟ್ಟಿಗೆಯಿಟ್ಟು ಮೊದಲಿದ್ದಂತೆಯೇ ಮತ್ತೆ ಕಟ್ಟಬೇಕೆಂದು ವೆಸ್ಟ್‌ಮಿನ್ಸ್ಟರ್ ಕೌನ್ಸಿಲು ಆಜ್ಞೆಮಾಡಿತು. ಪಬ್ಬು 2021ರ ಏಪ್ರಿಲಿನಲ್ಲಿ ಮತ್ತೆ ತೆರೆಯಿತು. ಸ್ಟಾಫರ್ಡ್‌ಶೈರಿನಲ್ಲಿ, ಗಣಿಗಾರಿಕೆಯಿಂದ ನೆಲ ಕುಸಿದು ವಾಲಿ ನಿಂತು ಹೆಸರಾಗಿದ್ದ 'ಕ್ರೂಕೆಡ್ ಹೌಸ್', ಮಾರಾಟವಾದ ಕೆಲವೇ ದಿನಗಳಲ್ಲಿ, 2023ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾಗಿ, ಎರಡು ದಿನಗಳೊಳಗೆ ನೆಲಸಮವಾಯಿತು. ಅದನ್ನೂ ಮತ್ತೆ ಕಟ್ಟಬೇಕೆಂದು 2024ರಲ್ಲಿ ಅಲ್ಲಿನ ಕೌನ್ಸಿಲು ಆದೇಶ ನೀಡಿತು.

ಎಲ್ಲ ರೂಪಾಂತರವೂ ನಷ್ಟವಲ್ಲ. ಹಿಂದೆ ಬಾಗಿಲಿನಿಂದಲೇ ಹಿಂದಿರುಗಿಸಲ್ಪಟ್ಟ ಪಂಜಾಬಿಗಳು, ಸ್ಮೆಥಿಕ್, ವೆಸ್ಟ್ ಬ್ರಾಮಿಚ್ ಪ್ರದೇಶದಲ್ಲಿ ಮುಚ್ಚುವ ಸ್ಥಿತಿಗೆ ಬಂದ ಪಬ್ಬುಗಳನ್ನು ತಾವೇ ಕೊಂಡು ನಡೆಸತೊಡಗಿದರು. ಇವನ್ನು 'ದೇಸಿ ಪಬ್' ಎನ್ನುತ್ತಾರೆ. ಕಬಾಬಿನ ಕೆಂಡ ಒಂದು ಕಡೆ, ಇಂಗ್ಲಿಷರ ಡಾರ್ಟ್ಸ್ ಆಟ ಇನ್ನೊಂದು ಕಡೆ. ಅಲ್ಲಿ ಬಿಳಿಯರೂ ಕುಳಿತಿರುತ್ತಾರೆ, ನಮ್ಮವರೂ ಕುಳಿತಿರುತ್ತಾರೆ. ಅಡಿಗೆ ಬದಲಾಯಿತು, ಯಜಮಾನ ಬದಲಾದ. ಆದರೆ ಬಾಗಿಲು ತೆರೆದೇ ಉಳಿಯಿತು. ಪಬ್ಲಿಕ್ ಹೌಸ್ ಎಂಬ ಹೆಸರು ಸಾರ್ಥಕವಾದುದು ಬಹುಶಃ ಈಗಲೇ.

ಉಳಿಸುವ ಯತ್ನಗಳು

2011ರ ಲೋಕಲಿಸಂ ಶಾಸನ ಊರವರಿಗೆ ಒಂದು ಹಕ್ಕನ್ನು ಕೊಟ್ಟಿತು. ಪಬ್ಬೊಂದನ್ನು 'ಸಮುದಾಯದ ಆಸ್ತಿ'ಯೆಂದು ಪಟ್ಟಿಗೆ ಸೇರಿಸಿದರೆ, ಅದನ್ನು ಮಾರುವಾಗ ಊರವರಿಗೆ ಹಣ ಕೂಡಿಸಲು ಆರು ತಿಂಗಳ ಕಾಲಾವಕಾಶ ದೊರೆಯುತ್ತದೆ. ಲಂಡನ್ನಿನ ನನ್‌ಹೆಡ್ಡಿನಲ್ಲಿರುವ 'ಐವಿ ಹೌಸ್' ಈ ಪಟ್ಟಿಗೆ ಸೇರಿದ ಮೊದಲ ಪಬ್ಬು. ಅಲ್ಲಿಯ ನೆರೆಹೊರೆಯವರು ಷೇರು ಕೂಡಿಸಿ 2013ರಲ್ಲಿ ಅದನ್ನು ಕೊಂಡು ಸಹಕಾರ ತತ್ವದಲ್ಲಿ ನಡೆಸತೊಡಗಿದರು. ಅದಕ್ಕೂ ಮೊದಲೇ, 2003ರಲ್ಲಿ, ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯವರು 'ಓಲ್ಡ್ ಕ್ರೌನ್' ಪಬ್ಬನ್ನು ಹೀಗೆಯೇ ತಮ್ಮದಾಗಿಸಿಕೊಂಡಿದ್ದರು. ಬೇರೆ ಹಳ್ಳಿಗಳಲ್ಲಿ ಪಬ್ಬಿನ ಮೂಲೆಯಲ್ಲೇ ಅಂಚೆಕಚೇರಿ, ದಿನಸಿ ಅಂಗಡಿ, ಪುಸ್ತಕದ ಕಪಾಟು ಸೇರಿಕೊಂಡಿವೆ. 2005ರಲ್ಲಿ ಕೆಂಟಿನ ಹರ್ನ್ ಎಂಬಲ್ಲಿ ಹಳೆಯ ಮಾಂಸದಂಗಡಿಯೊಂದು ಪುಟ್ಟ ಪಬ್ಬಾಗಿ, 'ಮೈಕ್ರೋಪಬ್' ಎಂಬ ಹೊಸ ಬಗೆಗೆ ನಾಂದಿ ಹಾಡಿತು.

ಸಹಕಾರದ ಮಾತು ಬಂದಾಗ ನಮ್ಮ ನಾಡನ್ನು ನೆನೆಯದಿರಲಾಗದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನ ದುಡಿಮೆಗಾರರು ಬಿತ್ತಿದ ಸಹಕಾರದ ಬೀಜ ನಮ್ಮಲ್ಲಿಯೂ ಮೊಳೆತು, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘವಾಯಿತು. ಒಬ್ಬನ ಕೈಯಲ್ಲಿ ಆಗದುದನ್ನು ನೂರು ಜನ ಸೇರಿ ಮಾಡಬಹುದೆಂಬ ಪಾಠ ಎರಡೂ ಕಡೆ ಒಂದೇ.

ಉಪಸಂಹಾರ

ಪಬ್ಬು ಉಳಿಯಬೇಕೋ ಬೇಡವೋ ಎಂಬುದು ಇಂಗ್ಲೆಂಡಿನ ಜನ ತೀರ್ಮಾನಿಸಬೇಕಾದ ವಿಷಯ. ಕುಡಿತವಿಲ್ಲದ ಸಮಾಜವೇ ಮೇಲೆಂದು ನಾನು ಇಂದಿಗೂ ನಂಬಿದ್ದೇನೆ. ಆದರೆ ಕುಡಿತ ಬೇರೆ, ಕೂಡುವ ಮನೆ ಬೇರೆ. ಇಂಗ್ಲೆಂಡಿನಲ್ಲಿ ಎರಡೂ ಒಂದೇ ಸೂರಿನಡಿ ಬೆಳೆದುವು. ಸೂರು ಬಿದ್ದಾಗ ಕುಡಿತ ಶೀಸೆಯೊಳಗೆ ಕುಳಿತು ಮನೆಗೆ ನಡೆಯಿತು; ಕೂಡುವ ಜನಕ್ಕೆ ಮಾತ್ರ ಹೋಗಲು ಸ್ಥಳವಿಲ್ಲದಾಯಿತು.

ನಮ್ಮ ಊರುಗಳ ಅರಳಿಕಟ್ಟೆ, ದೇವಾಲಯದ ಜಗಲಿ, ಚಹಾದಂಗಡಿಯ ಬೆಂಚು, ಗ್ರಂಥಾಲಯದ ಓದುಮನೆ ಇವುಗಳಿಗೆ ಲೆಕ್ಕಪುಸ್ತಕದಲ್ಲಿ ಬೆಲೆಯಿಲ್ಲ. ಅವು ನಿಂತಿರುವ ನೆಲಕ್ಕೆ ಮಾತ್ರ ದಿನದಿನವೂ ಬೆಲೆ ಏರುತ್ತಿದೆ. ಅವು ಯಾರ ಸ್ವತ್ತು, ಅವುಗಳ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಇನ್ನೂ ಮುಚ್ಚಿದೆ ಎಂಬುದನ್ನು ವಿದ್ಯಾವಂತರಾದ ನಾವು ಕೇಳಿಕೊಳ್ಳಬೇಕು. ಕಾರ್ಲ್‌ಟನ್ ಟ್ಯಾವರ್ನನ್ನು ಮತ್ತೆ ಕಟ್ಟಿಸಲು ಆರು ವರ್ಷ ಹಿಡಿಯಿತು. ಬೀಳುವ ಮೊದಲೇ ಕಾಯ್ದುಕೊಳ್ಳುವುದು ಅದಕ್ಕಿಂತ ಸುಲಭವಲ್ಲವೆ?