ಮನೆ ಪಿಸಿ ಗುರ್ ಅಂದ್ರೆ ಏನ್ ಮಾಡೋದು?

ಸಂಕ್ರಾಂತಿ ರಜೆಗೆ ಹೆಗಡೆಕಟ್ಟಾಕ್ಕೆ ಹೋದಾಗ ನಮ್ಮನೆ ಹಳೇ ಡೆಸ್ಕ್‌ಟಾಪ್ ಅಡಿಕೆ ಸುಲಿಯೋ ಮಷೀನ್ ಥರ ಗುರ್ ಅಂತಿತ್ತು. "ಗುಜರಿಗೆ ಹಾಕಿಬಿಡು ತಮಾ" ಅಂದ್ರು ಅಪ್ಪ. ಆದ್ರೆ ಅಜ್ಜ ಹಾಡಿದ ಯಕ್ಷಗಾನ ಪದ್ಯಗಳ ರೆಕಾರ್ಡಿಂಗ್ ಇರೋದು ಅದರಲ್ಲಿ ಮಾತ್ರ. ಅಜ್ಜ ಈಗಿಲ್ಲ. ಹಾಗಾಗಿ ಸ್ಕ್ರೂಡ್ರೈವರ್ ಮುಟ್ಟೋ ಮೊದಲೇ ಎಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ನೀವೂ ಹಾಗೇ ಮಾಡಿ.

ಆಮೇಲೆ ಕಿವಿಗೆ ಕೆಲಸ. ಪಿಸಿಯಲ್ಲಿ ತಿರುಗೋ ಭಾಗಗಳು ಕೆಲವೇ: ಫ್ಯಾನ್‌ಗಳು ಮತ್ತು ಹಾರ್ಡ್ ಡಿಸ್ಕ್. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಅಂದ್ರೆ ಸೆಕೆಂಡಿಗೆ 120 ಸುತ್ತು ತಿರುಗುತ್ತೆ. ಅದರ ಗುಂಯ್ ಒಂದೇ ಸಮ ಇರುತ್ತೆ. ಟಕ್ ಟಕ್ ಅಂತ ಕೇಳಿದ್ರೆ ಡಿಸ್ಕ್ ಸಾಯೋ ಲಕ್ಷಣ. ಕೆಲಸ ಹೆಚ್ಚಾದಂತೆ ಶಬ್ದ ಏರಿದ್ರೆ ಅದು ಫ್ಯಾನ್. ನಮ್ಮದು ಏರ್ತಿತ್ತು, ನನಗೆ ಸಮಾಧಾನ ಆಯ್ತು.

ಪ್ಲಗ್ ಕಿತ್ತು ಬಾಗಿಲು ತೆಗೆದ್ರೆ ಹೀಟ್‌ಸಿಂಕ್ ಕಾಣ್ತಾನೇ ಇಲ್ಲ! ಅಡಿಕೆ ಸಿಪ್ಪೆ ಧೂಳು, ಮಳೆಗಾಲದ ತೇವಕ್ಕೆ ಹೆಪ್ಪುಗಟ್ಟಿದೆ. ಗಾಳಿ ಹೋಗದೆ ಪ್ರೊಸೆಸರ್ ಬಿಸಿ, ಬಿಸಿ ಆದಷ್ಟೂ ಫ್ಯಾನ್ ಜೋರು. ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೊಂಡು ಒಣ ಬ್ರಷ್ ಹಾಕಿ ಕ್ಲೀನ್ ಮಾಡಿದೆ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಇರುತ್ತೆ.

ಶಬ್ದ ಅರ್ಧ ಇಳೀತು. ಉಳಿದ ಅರ್ಧ ಕ್ಯಾಬಿನೆಟ್ ಫ್ಯಾನಿಂದು: ಬೆರಳಲ್ಲಿ ತಿರುಗಿಸಿದ್ರೆ ಅಲ್ಲಾಡ್ತಿತ್ತು, ಬೇರಿಂಗ್ ಸವೆದಿದೆ. ಶಿರಸಿಯಿಂದ 120 ಮಿಲಿಮೀಟರಿನ ಹೊಸದು ತಂದು ಹಾಕಿದೆ.

ಈಗ ಸಣ್ಣ ಗುಂಯ್ ಒಂದೇ ಇದೆ, ಹಾರ್ಡ್ ಡಿಸ್ಕಿಂದು. ಅಪ್ಪ ಸಂಜೆ ಅಜ್ಜನ ಪದ್ಯ ಹಾಕ್ಕೊಂಡು ಕೂತಿದ್ರು. ಗುಜರಿ ಮಾತು ಮತ್ತೆ ಬರಲಿಲ್ಲ.