ಥೇಮ್ಸ್ ನದಿಯ ಎಚ್ಚರಿಕೆಯ ಫಲಕಗಳು

ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ದೋಣಿ ನಡೆಸುವುದು ಶಾಲಾ ಮಕ್ಕಳೂ ತೊಡಗುವ ಕ್ರೀಡೆ. ಎಂಟು ಮಂದಿ ಹುಟ್ಟು ಹಾಕುವ ಸ್ಪರ್ಧಾದೋಣಿಯ ಉದ್ದ ಸುಮಾರು 17 ಮೀಟರು. ಅಗಲವೋ ಒಬ್ಬರು ಕುಳಿತುಕೊಳ್ಳುವಷ್ಟು ಮಾತ್ರ. ತುಂಗಭದ್ರೆಯ ಹರಿಗೋಲಿನಂತೆ ಅದು ನಿಂತಲ್ಲೇ ತಿರುಗಲಾರದು. ಅದರಲ್ಲಿ ಹುಟ್ಟು ಹಾಕುವವರೆಲ್ಲರೂ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಮುಂದಿನ ನೀರನ್ನು ಕಾಣುವವನು ಚುಕ್ಕಾಣಿ ಹಿಡಿದವನೊಬ್ಬನೇ. ಆದುದರಿಂದ ನದಿಯ ಸ್ಥಿತಿ ದಡವನ್ನು ಬಿಡುವ ಮೊದಲೇ ತಿಳಿದಿರಬೇಕು.

ಸಮುದ್ರದ ಭರತ ಇಳಿತಗಳು ಟೆಡಿಂಗ್ಟನ್ ಎಂಬಲ್ಲಿಯವರೆಗೆ ತಲುಪುತ್ತವೆ. ಅಲ್ಲಿಂದ ಮೇಲಕ್ಕೆ, ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಜಲದ್ವಾರಗಳಲ್ಲಿ ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರಕಾರಿ ಸಂಸ್ಥೆ ಫಲಕಗಳನ್ನು ತೂಗುಹಾಕುತ್ತದೆ. ಜಲದ್ವಾರದ ಬದಿಯಲ್ಲೇ ನೀರು ಧುಮುಕುವ ಒಡ್ಡು ಇರುತ್ತದೆ. ಸೆಳವು ಬಲಿತಾಗ ದೋಣಿಯನ್ನು ಆ ಒಡ್ಡಿನ ಕಡೆಗೇ ಎಳೆಯುತ್ತದೆ. ತೋಳಿನ ಬಲ ಅದಕ್ಕೆ ಸಾಟಿಯಾಗದು.

ಫಲಕಗಳು ಮೂರು. ಕೆಂಪು ಫಲಕ ‘ಸೆಳವು ಪ್ರಬಲವಾಗಿದೆ’ ಎನ್ನುತ್ತದೆ. ಆಗ ಯಾವ ದೋಣಿಯೂ ಹೊರಡದಿರಲೆಂಬುದು ಸಲಹೆ. ಉಳಿದೆರಡೂ ಹಳದಿ: ಒಂದರಲ್ಲಿ ‘ಸೆಳವು ಏರುತ್ತಿದೆ’, ಇನ್ನೊಂದರಲ್ಲಿ ‘ಸೆಳವು ಇಳಿಯುತ್ತಿದೆ’.

ಅಧ್ಯಾಪಕರು ಪಾಠವನ್ನು ನಿಲ್ಲಿಸಬೇಕಾದ ಸ್ಥಳ ಇದು. ‘ಇಳಿಯುತ್ತಿದೆ’ ಎಂದರೆ ಏನು ಮಾಡಬಹುದೆಂದು ತರಗತಿಯಲ್ಲಿ ಕೇಳಿದರೆ ‘ಹೊರಡಬಹುದು’ ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ಅದು ತಪ್ಪು. ಯಂತ್ರದ ದೋಣಿಗಳ ಮಟ್ಟಿಗೆ ಸಲಹೆ ಬದಲಾಗುತ್ತದೆ: ಏರುವಾಗ ಸುರಕ್ಷಿತ ತಂಗುದಾಣವನ್ನು ಸೇರಬೇಕು, ಇಳಿಯುವಾಗ ಎಚ್ಚರದಿಂದ ಸಾಗಬಹುದು. ಹುಟ್ಟು ಹಾಕುವವರಿಗಾದರೋ ಎರಡು ಫಲಕಗಳಲ್ಲೂ ಒಂದೇ ಸಲಹೆ: ಹೊರಡದಿರಿ. ಊರಿನಲ್ಲಿ ಮಳೆ ನಿಂತು ಬಿಸಿಲು ಬಿದ್ದಿದ್ದರೂ ಮೇಲಿನ ಸೀಮೆಯ ನೀರು ಕೆಳಗೆ ಬರುತ್ತಲೇ ಇರುತ್ತದೆ. ಜೊತೆಗೆ ಮುರಿದ ಕೊಂಬೆಗಳೂ ತೇಲಿ ಬರುತ್ತವೆ. ‘ಇಳಿಯುತ್ತಿದೆ’ ಎಂಬುದು ವರ್ತಮಾನದ ಕ್ರಿಯೆ, ‘ಇಳಿದಿದೆ’ ಎಂಬುದು ಮುಗಿದ ಕ್ರಿಯೆ. ಈ ವ್ಯತ್ಯಾಸವನ್ನು ವ್ಯಾಕರಣದ ಅಭ್ಯಾಸವಾಗಿ ನೂರು ಸಲ ಬರೆಯಿಸುವುದಕ್ಕಿಂತ ಈ ಫಲಕವನ್ನು ಒಮ್ಮೆ ಓದಿಸುವುದು ಮೇಲು.

ಫಲಕದ ಮಾತು ಸಲಹೆಯೇ ಹೊರತು ಆಜ್ಞೆಯಲ್ಲ. ಇದೇ ನದಿಯ ದಂಡೆಯಲ್ಲಿರುವ ಆಕ್ಸ್‌ಫರ್ಡಿನಲ್ಲಿ ಕಾಲೇಜು ತಂಡಗಳಿಗೆ ಬಣ್ಣದ ಬಾವುಟಗಳ ಪ್ರತ್ಯೇಕ ಕ್ರಮವುಂಟು. ಅಲ್ಲಿ ನೀರು ಏರಿದಂತೆ ಮೊದಲು ಹೊಸಬರನ್ನು ತಡೆಯುತ್ತಾರೆ. ಕೆಂಪು ಬಾವುಟ ಹಾರಿದಾಗ ಕಾಲೇಜು ತಂಡಗಳಾವುವೂ ನೀರಿಗಿಳಿಯುವಂತಿಲ್ಲ. ‘ಹೋಗದಿರುವುದು ಲೇಸು’, ‘ಹೋಗಬಾರದು’, ‘ಹೋಗಕೂಡದು’ ಎಂಬ ಮೂರು ರೂಪಗಳನ್ನು ಕರಿಹಲಗೆಯಲ್ಲಿ ಬರೆದು, ಫಲಕಕ್ಕೆ ಯಾವುದು, ಬಾವುಟಕ್ಕೆ ಯಾವುದು ಹೊಂದುತ್ತದೆಂದು ವಿದ್ಯಾರ್ಥಿಗಳಿಂದಲೇ ಆರಿಸಿಸಬೇಕು.

ಬಣ್ಣವನ್ನಷ್ಟೇ ನಂಬುವಂತೆಯೂ ಇಲ್ಲ. ಚಂದ್ರಗಿರಿ ಹೊಳೆಯ ಬದಿಯ ಕಾಸರಗೋಡಿನ ಮಕ್ಕಳಿಗೆ ಮಳೆಗಾಲದ ‘ಹಳದಿ ಅಲರ್ಟ್’ ಪರಿಚಿತ. ಭಾರತದ ಹವಾಮಾನ ಇಲಾಖೆಯ ಕ್ರಮದಲ್ಲಿ ಹಳದಿಯೆಂದರೆ ಗಮನವಿಟ್ಟಿರಿ ಎಂದಷ್ಟೇ. ಅದರ ಮೇಲೆ ಕಿತ್ತಳೆ, ಕೆಂಪು ಇವೆ. ಥೇಮ್ಸಿನ ಫಲಕಗಳಲ್ಲಿ ಕಿತ್ತಳೆಯೇ ಇಲ್ಲ; ಹುಟ್ಟಿನ ದೋಣಿ ಹಳದಿಗೇ ದಡದಲ್ಲಿ ನಿಲ್ಲಬೇಕು.

ಅಭ್ಯಾಸ: ಶಾಲೆಯ ಸಮೀಪದ ಹೊಳೆ ಅಥವಾ ಕೆರೆಯ ಕಡವಿಗೆ ಒಂದು ಎಚ್ಚರಿಕೆಯ ಫಲಕವನ್ನು ಬರೆಯಿರಿ. ಆರು ಪದಗಳನ್ನು ಮೀರಕೂಡದು. ಅದು ಯಾರಿಗೆ ಹೇಳಿದ್ದೆಂಬುದು ಅದರಲ್ಲೇ ತಿಳಿಯಬೇಕು. ಬರೆದುದನ್ನು ಕೆಳಗಿನ ತರಗತಿಯ ಒಬ್ಬ ವಿದ್ಯಾರ್ಥಿಯಿಂದ ಓದಿಸಿ, ಅವನು ಏನು ಮಾಡುವನೆಂದು ಕೇಳಿರಿ.